ಮೂಕಪ್ರಾಣಿಗೆ ನಾಲಗೆಯಿತ್ತ ಅನ್ನಾ ಸ್ಯೂವೆಲ್

ಮುಂಬಯಿಯಲ್ಲಿ ಬಹುಕಾಲದಿಂದ ನೆಲೆಸಿರುವ ನಮ್ಮ ಹಿರಿಯರಿಗೆ ವಿಕ್ಟೋರಿಯಾ ಗಾಡಿಗಳ ನೆನಪು ಮಾಸಿರಲಾರದು. ಊರಿನಿಂದ ಬಂದಿಳಿದವರ ಟ್ರಂಕು ಹಾಸಿಗೆಗಳನ್ನು ಹೇರಿಕೊಂಡು, ಮಳೆಗಾಲದ ಕೆಸರಿನಲ್ಲಿಯೂ ಮೇ ತಿಂಗಳ ಬೇಗೆಯಲ್ಲಿಯೂ ಅವುಗಳ ಕುದುರೆಗಳು ಡಾಮರು ಬೀದಿಯ ಮೇಲೆ ಲಾಳದ ಸದ್ದು ಮಾಡುತ್ತ ಓಡುತ್ತಿದ್ದುವು. ಪುಣೆ ದೆಹಲಿಗಳಲ್ಲಿ ಟಾಂಗಾ, ಮದರಾಸಿನಲ್ಲಿ ಜಟಕಾ ಇದೇ ಕೆಲಸವನ್ನು ಮಾಡಿದುವು. ಮೋಟಾರು ಬಂದ ಮೇಲೆ ಇವೆಲ್ಲ ಹಿಂದೆ ಸರಿದುವು. ಮುಂಬಯಿಯಲ್ಲಿ ಕೇವಲ ವಿನೋದ ಸವಾರಿಗಾಗಿ ಉಳಿದಿದ್ದ ಗಾಡಿಗಳನ್ನು ಸಹ ನಿಲ್ಲಿಸತಕ್ಕದ್ದೆಂದು ಅಲ್ಲಿಯ ಉಚ್ಚ ನ್ಯಾಯಾಲಯವು 2015ರಲ್ಲಿ ಆಜ್ಞೆ ಮಾಡಿತು. ಬೀದಿಯಿಂದ ಕುದುರೆ ಮರೆಯಾಯಿತು. ಆದರೆ ಮಕ್ಕಳ ಪುಸ್ತಕಗಳ ಕಪಾಟಿನಿಂದ ಒಂದು ಕುದುರೆ ಮಾತ್ರ ಇಂದಿಗೂ ಕದಲಿಲ್ಲ. ಅದರ ಹೆಸರು ಬ್ಲ್ಯಾಕ್ ಬ್ಯೂಟಿ. ಕರಿಯ ಚೆಲುವ ಎಂದು ನಾವು ಕರೆಯಬಹುದು. ತನ್ನ ಆತ್ಮಕಥೆಯನ್ನು ತಾನೇ ಹೇಳಿಕೊಳ್ಳುವ ಆ ಕುದುರೆಯ ಪುಸ್ತಕವು 1877ರಿಂದ ಈವರೆಗೆ ಐದು ಕೋಟಿಗೂ ಮಿಕ್ಕಿ ಪ್ರತಿಗಳಲ್ಲಿ ಜಗತ್ತನ್ನೆಲ್ಲ ಸುತ್ತಿದೆ.

ಪ್ರಾಣಿದಯೆಯನ್ನು ಮಕ್ಕಳಿಗೆ ಬೋಧಿಸುವ ಗ್ರಂಥಗಳಲ್ಲಿ ಇದಕ್ಕೆ ಅಗ್ರಸ್ಥಾನವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಇದನ್ನು ಬರೆದಾಕೆ ಮಕ್ಕಳಿಗಾಗಿ ಬರೆಯಲೇ ಇಲ್ಲವೆಂಬುದು ಬಹು ಮಂದಿಗೆ ತಿಳಿಯದು. ಲಾಯದಲ್ಲಿ ಸಂಬಳಕ್ಕೆ ದುಡಿಯುವ ಕುದುರೆಯಾಳು, ಬಾಡಿಗೆಗೆ ಗಾಡಿ ಹೊಡೆಯುವ ಬಡವ, ಇವರ ಕೈಗೆ ಸೇರಲೆಂದು ಆಕೆ ಅದನ್ನು ಬರೆದಳು. ದಿನಗೂಲಿಯ ಮೇಲೆ ಬಾಳುವವನ ಕಷ್ಟವನ್ನು ಬಲ್ಲ ನಮ್ಮ ವಾಚಕರಿಗೆ ಆಕೆಯ ಚರಿತ್ರೆ ರುಚಿಸೀತೆಂಬ ನಂಬಿಕೆಯಿಂದ ಇದನ್ನು ಇಲ್ಲಿ ಹೇಳಲು ಹೊರಟಿದ್ದೇವೆ.

ಇಂಗ್ಲೆಂಡಿನ ಪೂರ್ವ ಕರಾವಳಿಯ ನಾರ್ಫೋಕ್ ಪ್ರಾಂತದಲ್ಲಿ ಗ್ರೇಟ್ ಯಾರ್ಮತ್ ಎಂಬ ಪಟ್ಟಣವುಂಟು. ನಮ್ಮ ಮಲ್ಪೆಯಂತೆ ಅದೂ ಮೀನುಗಾರಿಕೆಯಿಂದ ಹೆಸರಾದ ಸ್ಥಳ. ಅಲ್ಲಿ 1820ನೆಯ ಇಸವಿ ಮಾರ್ಚ್ 30ರಂದು ಅನ್ನಾ ಸ್ಯೂವೆಲ್ ಹುಟ್ಟಿದಳು. ತಂದೆ ಐಸಾಕ್, ತಾಯಿ ಮೇರಿ. ಎರಡು ವರ್ಷಗಳ ತರುವಾಯ ಫಿಲಿಪ್ ಎಂಬ ತಮ್ಮನು ಹುಟ್ಟಿದನು. ಕುಟುಂಬವು ಕ್ವೇಕರ್ ಪಂಥಕ್ಕೆ ಸೇರಿದುದು. ಆಡಂಬರವಿಲ್ಲದ ಉಡುಪು, ಮಿತವಾದ ಮಾತು, ಹಿಂಸೆಯ ಮೇಲೆ ಹೇಸಿಗೆ, ಇವು ಆ ಪಂಥದವರ ಲಕ್ಷಣಗಳು. ಸದ್ಗುಣಗಳಿಗೆ ಕೊರತೆಯಿರದ ಆ ಮನೆಯಲ್ಲಿ ಹಣಕ್ಕೆ ಮಾತ್ರ ಸದಾ ಕೊರತೆಯಿತ್ತು. ಐಸಾಕನು ಅಂಗಡಿಯಿಟ್ಟು ಕೈಸುಟ್ಟುಕೊಂಡನು. ಹೊಟ್ಟೆಪಾಡಿಗಾಗಿ ಲಂಡನ್ನಿಗೆ ಹೋಗಿ, ಕೊನೆಗೆ ನಾಟಿಂಗ್ಹ್ಯಾಮಿನ ಕಸೂತಿಪಟ್ಟಿಯ ಕಾರ್ಖಾನೆಯೊಂದರ ಪರವಾಗಿ ಊರೂರು ತಿರುಗಿ ಮಾಲು ಮಾರುವ ಉದ್ಯೋಗ ಹಿಡಿದನು. ಹುಟ್ಟಿದೂರನ್ನು ಬಿಟ್ಟು ಮಹಾನಗರಕ್ಕೆ ಬಂದು ಬೇರೂರಲು ಹೆಣಗುವವರ ಪಾಡು ಎಲ್ಲ ಕಾಲದಲ್ಲಿಯೂ ಎಲ್ಲ ದೇಶದಲ್ಲಿಯೂ ಒಂದೇ ತರಹ.

ಮಕ್ಕಳನ್ನು ಶಾಲೆಗೆ ಕಳಿಸುವಷ್ಟು ಅನುಕೂಲವಿಲ್ಲದುದರಿಂದ ತಾಯಿಯೇ ಪಾಠ ಹೇಳಿದಳು. ಪಾಠಕ್ಕೆ ಬೇಕಾದ ಪುಸ್ತಕಗಳನ್ನು ಕೊಳ್ಳಲು ದುಡ್ಡಿಲ್ಲ. ಆಗ ಮೇರಿ ಏನು ಮಾಡಿದಳೆಂದರೆ, ಎಳೆಯ ಮಕ್ಕಳು ಓದಿಕೊಳ್ಳಬಲ್ಲ ಚಿಕ್ಕಚಿಕ್ಕ ಪದಗಳಲ್ಲಿ ತಾನೇ ಒಂದು ಪುಸ್ತಕ ಬರೆದು, ಅದಕ್ಕೆ ಬಂದ ಮೂರು ಪೌಂಡುಗಳಿಂದ ಮಕ್ಕಳಿಗೆ ಪುಸ್ತಕ ತಂದಳು! ಇಂತಹ ತಾಯಿಯ ಮಗಳು ಮುಂದೆ ಲೇಖನಿ ಹಿಡಿದುದು ಆಶ್ಚರ್ಯವಲ್ಲ. ಐವತ್ತು ವರ್ಷ ದಾಟುವವರೆಗೂ ಹಿಡಿಯದೆ ಇದ್ದುದೇ ಆಶ್ಚರ್ಯ.

ಗಿಡಮರ, ಹಕ್ಕಿಹುಳು ಎಲ್ಲವನ್ನೂ ಕಣ್ಣಿಟ್ಟು ನೋಡುವುದು ಆ ಮನೆಯ ಪಾಠಕ್ರಮದ ಮುಖ್ಯಭಾಗವಾಗಿತ್ತು. ಒಮ್ಮೆ ಯಾವನೋ ಗುಂಡು ಹೊಡೆದು ಕೆಡಹಿದ ಹಕ್ಕಿಯೊಂದು ಇವರ ತೋಟದೊಳಗೆ ಬಿತ್ತು. ಅದನ್ನು ಕೇಳಲು ಬಾಗಿಲಿಗೆ ಬಂದವನನ್ನು ಪುಟ್ಟ ಅನ್ನಾ ಕ್ರೂರಿಯೆಂದು ಮುಖದ ಮೇಲೆಯೇ ಜರೆದು, ಹಕ್ಕಿಯನ್ನು ಕೊಡೆನೆಂದು ಹಠಹಿಡಿದು, ಬರಿಗೈಯಿಂದ ಹಿಂದಕ್ಕಟ್ಟಿದಳಂತೆ. ರಜೆಯ ದಿನಗಳಲ್ಲಿ ನಾರ್ಫೋಕಿನ ಬಕ್ಸ್‌ಟನ್ ಎಂಬ ಹಳ್ಳಿಯ ಬಳಿ ತಾಯಿಯ ಕಡೆಯವರ ಹೊಲಮನೆಗೆ ಹೋಗುವುದಿತ್ತು. ಕುದುರೆ ಸವಾರಿಯ ಮೊದಲ ಪಾಠ ಅಲ್ಲಿಯೇ ಆಯಿತು.

ಹನ್ನೆರಡನೆಯ ವಯಸ್ಸಿನಲ್ಲಿ, ಲಂಡನ್ನಿನ ಸ್ಟೋಕ್ ನ್ಯೂಯಿಂಗ್ಟನ್‌ಗೆ ವಾಸ ಬದಲಾದ ಬಳಿಕ, ಅನ್ನಾ ಮೊದಲಬಾರಿಗೆ ಶಾಲೆಯ ಮುಖ ಕಂಡಳು. ಆ ಸುಖ ಹೆಚ್ಚು ದಿನ ಇರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ದಿನ ಶಾಲೆಯಿಂದ ಮನೆಗೆ ಬರುವಾಗ ಮಳೆ ಸುರಿಯತೊಡಗಿತು. ಓಡಿಬಂದ ಹುಡುಗಿ ಮನೆಯ ಹತ್ತಿರವೇ ಜಾರಿಬಿದ್ದಳು. ಎರಡು ಕಾಲ ಹರಡುಗಳಿಗೂ ಬಲವಾದ ಪೆಟ್ಟಾಯಿತು. ಅಂದಿನ ವೈದ್ಯಕ್ಕೆ ಅದನ್ನು ಸರಿಪಡಿಸುವ ಸಾಮರ್ಥ್ಯವಿರಲಿಲ್ಲ. ಮುಂದೆ ಬದುಕಿದ ನಲವತ್ತನಾಲ್ಕು ವರ್ಷಗಳಲ್ಲಿ ಆಕೆ ಆಸರೆಯಿಲ್ಲದೆ ಬಹಳ ಹೊತ್ತು ನಿಂತವಳಲ್ಲ, ಬಹಳ ದೂರ ನಡೆದವಳಲ್ಲ. 1856ರಲ್ಲಿ ಜರ್ಮನಿಯ ಮರಿಯನ್‌ಬರ್ಗಿಗೆ ಹೋಗಿ ಜಲಚಿಕಿತ್ಸೆ ಮಾಡಿಸಿಕೊಂಡಾಗ ಕೆಲಕಾಲ ಗುಣ ಕಂಡಿತು. ಮತ್ತೆ ಹಿಂದಿನಂತೆಯೇ ಆಯಿತು.

ಕಾಲು ಸೋತವಳಿಗೆ ಕುದುರೆಯೇ ಕಾಲಾಯಿತು. ತಂದೆಗೆ ಬ್ರೈಟನ್ನಿನ ಬ್ಯಾಂಕಿನಲ್ಲಿ ಕೆಲಸ ದೊರೆತ ಮೇಲೆ ಕುಟುಂಬವು ಆ ಸುತ್ತಿನ ಹಳ್ಳಿಗಳಲ್ಲಿ ವಾಸಮಾಡತೊಡಗಿತು. ತಂದೆಯನ್ನು ಬೆಳಗ್ಗೆ ರೈಲು ನಿಲ್ದಾಣಕ್ಕೆ ಬಿಡುವುದು, ಸಂಜೆ ಕರೆತರುವುದು ಮಗಳ ಪಾಲಿನ ಕೆಲಸವಾಯಿತು. ಒಂದು ಚಿಕ್ಕ ಗಾಡಿ, ಒಂದು ತಟ್ಟು. ಆಕೆ ಗಾಡಿ ಹೊಡೆಯುತ್ತಿದ್ದ ಪರಿಯನ್ನು ಕಂಡವರು ಮರೆಯಲಿಲ್ಲ. ಲಗಾಮನ್ನು ಸಡಿಲವಾಗಿ ಕೈಯಲ್ಲಿ ಹಿಡಿದಿರುವಳೇ ಹೊರತು ಎಳೆಯುತ್ತಿರಲಿಲ್ಲ; ಚಾಟಿಯ ಗೊಡವೆಯೇ ಇಲ್ಲ. ಬೇಗ ಹೋಗಬೇಕಾದರೆ, ತಿರುಗಬೇಕಾದರೆ, ಮನೆಯ ಮಂದಿಯೊಡನೆ ಮಾತನಾಡುವಂತೆ ಕುದುರೆಯೊಡನೆ ಮಾತನಾಡುವಳು, ಅದು ಕೇಳುವುದು. ಈ ವೃತ್ತಾಂತವನ್ನು ಬರೆದಿಟ್ಟವಳು ಕುಟುಂಬದ ಸ್ನೇಹಿತೆಯಾದ ಶ್ರೀಮತಿ ಬೇಲಿ. ದಿನದಿನವೂ ಕುದುರೆಯ ಬೆನ್ನಹಿಂದೆ ಕುಳಿತು ಅದರ ಕಿವಿಯ ಅಲುಗಾಟವನ್ನೂ ಉಸಿರಿನ ಏರಿಳಿತವನ್ನೂ ಗಮನಿಸುವಷ್ಟು ಬಿಡುವು ಓಡಾಡುವ ಆರೋಗ್ಯವಂತರಿಗೆ ಎಲ್ಲಿಯದು? ನಡೆಯಲಾರದ ಈ ಹೆಣ್ಣಿಗೆ ಆ ಬಿಡುವಿತ್ತು.

ಇದರ ನಡುವೆ ಆಕೆ ಸುಮ್ಮನೆ ಕುಳಿತವಳಲ್ಲ. ತಾಯಿಯೊಡನೆ ಕೂಡಿ ಬಡವರ ಕೇರಿಗಳಲ್ಲಿ ಸೇವೆ ಮಾಡಿದಳು. ಗ್ಲಾಸ್ಟರ್‌ಷೈರ್ ಪ್ರಾಂತದ ವಿಕ್ ಎಂಬ ಹಳ್ಳಿಯ ಬಳಿ ಇದ್ದಾಗ ಇಬ್ಬರೂ ಸೇರಿ ಕೂಲಿಕಾರರಿಗಾಗಿ ಸಾಯಂಕಾಲದ ಶಾಲೆಯೊಂದನ್ನು ನಡೆಸಿದರು. ಹಗಲೆಲ್ಲ ಮೈಮುರಿದು ದುಡಿದ ಗಂಡಸರು ರಾತ್ರಿ ಬಂದು ಓದು ಬರಹ ಕಲಿಯುತ್ತಿದ್ದರು. ಹೋಟೆಲಿನ ಕೆಲಸ ಮುಗಿಸಿ ರಾತ್ರಿಶಾಲೆಯ ಬೆಂಚಿನ ಮೇಲೆ ತೂಕಡಿಕೆಯನ್ನು ತಡೆದುಕೊಂಡು ಕಲಿತವರು ಮುಂಬಯಿ ಕನ್ನಡಿಗರಲ್ಲಿ ಎಷ್ಟೋ ಮಂದಿ ಇದ್ದಾರೆ. ಆ ಶಾಲೆ ಹೇಗಿದ್ದಿತೆಂದು ಅವರಿಗೆ ವಿವರಿಸಬೇಕಾದುದಿಲ್ಲ. ಕೂಲಿಯವನಿಗೆ ಯಾವ ಮಾತು ಹಿಡಿಸುತ್ತದೆ, ಯಾವ ವಾಕ್ಯ ಅವನ ತಲೆಯ ಮೇಲೆ ಹಾರಿಹೋಗುತ್ತದೆ ಎಂಬುದನ್ನು ಅನ್ನಾ ಅಲ್ಲಿ ಕಲಿತಳೆಂದು ನಮ್ಮ ಊಹೆ. ಆಕೆಯ ಪುಸ್ತಕದ ಭಾಷೆಯೇ ಅದಕ್ಕೆ ಸಾಕ್ಷಿ.

ತಾಯಿ ಮೇರಿ ಅರುವತ್ತರ ಪ್ರಾಯದಲ್ಲಿ ಪದ್ಯಕಥೆಗಳನ್ನು ಬರೆಯತೊಡಗಿ ದೊಡ್ಡ ಹೆಸರು ಗಳಿಸಿದಳು. ಅವುಗಳಲ್ಲಿ 1860ರ ಒಂದು ಕಥೆ ಹತ್ತು ಲಕ್ಷಕ್ಕಿಂತಲೂ ಹೆಚ್ಚು ಮಾರಾಟವಾಯಿತು. ಆ ಬರಹಗಳನ್ನೆಲ್ಲ ತಿದ್ದಿ ತೀಡಿದವಳು ಮಗಳು; ಮಗಳು ಒಪ್ಪದ ಸಾಲು ಅಚ್ಚಿಗೆ ಹೋಗುತ್ತಿರಲಿಲ್ಲ. 1867ರ ಹೊತ್ತಿಗೆ ಕುಟುಂಬವು ನಾರ್ಫೋಕಿಗೆ ಮರಳಿತು. ತಮ್ಮ ಫಿಲಿಪನ ಹೆಂಡತಿ ಏಳು ಮಕ್ಕಳನ್ನು ಬಿಟ್ಟು ತೀರಿಹೋಗಿದ್ದಳು; ಅವರಿಗೆ ಆಸರೆಯಾಗಬೇಕಿತ್ತು. ನಾರ್ವಿಚ್ ನಗರದ ಹೊರವಲಯದ ಓಲ್ಡ್ ಕ್ಯಾಟನ್ ಹಳ್ಳಿಯ ಮನೆಯೇ ಅನ್ನಾಳ ಕೊನೆಯ ಮನೆಯಾಯಿತು.

ಅಲ್ಲಿ ಆಕೆಯ ಕಾಯಿಲೆ ಬಲಿಯಿತು. 1871ರಲ್ಲಿ ವೈದ್ಯರು ಇನ್ನು ಹೆಚ್ಚೆಂದರೆ ಒಂದೂವರೆ ವರ್ಷ ಎಂದು ಕೈಚೆಲ್ಲಿದರು. ಆ ವರ್ಷದ ನವೆಂಬರ ತಿಂಗಳಲ್ಲಿ ಆಕೆಯ ದಿನಚರಿಯಲ್ಲಿ ಒಂದು ಚಿಕ್ಕ ಟಿಪ್ಪಣಿ ಕಾಣಿಸುತ್ತದೆ: ಕುದುರೆಯೊಂದರ ಚರಿತ್ರೆ ಬರೆಯುತ್ತಿರುವುದಾಗಿಯೂ, ಜೊತೆಗೆ ಕ್ರಿಸ್ಮಸ್ಸಿಗೆಂದು ಬೊಂಬೆ ಪೆಟ್ಟಿಗೆಗಳನ್ನು ಸಿದ್ಧಪಡಿಸುತ್ತಿರುವುದಾಗಿಯೂ ಅದರಲ್ಲಿದೆ. ಸಾವಿನ ಗಡುವು ಕೇಳಿದವರು ಬರೆಯುವ ಟಿಪ್ಪಣಿ ಇಂತಹುದಾಗಿರಬಲ್ಲುದೇ ಎಂದು ನಮಗೆ ಬೆರಗಾಗುತ್ತದೆ.

ಗಡುವು ಸುಳ್ಳಾಯಿತು. ಒಂದೂವರೆ ವರ್ಷವೆಂದದ್ದು ಆರು ವರ್ಷಗಳಿಗೂ ಮಿಕ್ಕಿತು. ಆದರೆ ಆ ಆರು ವರ್ಷಗಳಲ್ಲಿ ಆಕೆ ಹೆಚ್ಚಾಗಿ ಸೋಫಾದ ಮೇಲೆ ಮಲಗಿಯೇ ಇದ್ದಳು. ಶಕ್ತಿಯಿದ್ದ ದಿನ ಕೆಲವು ಸಾಲು, ಇಲ್ಲದ ದಿನ ಏನೂ ಇಲ್ಲ. ಕೆಲವೊಮ್ಮೆ ಬಾಯಿಂದ ಹೇಳುವಳು, ತಾಯಿ ಬರೆದುಕೊಳ್ಳುವಳು. ಕೆಲವೊಮ್ಮೆ ಕಾಗದದ ಚೂರುಗಳ ಮೇಲೆ ಪೆನ್ಸಿಲಿನಿಂದ ತಾನೇ ಗೀಚಿಡುವಳು. ಎಪ್ಪತ್ತು ದಾಟಿದ ಮುದುಕಿ ಅವುಗಳನ್ನು ಶುದ್ಧಪ್ರತಿ ಮಾಡುವಳು. ಹಿಂದೆ ತಾಯಿಯ ಬರಹಕ್ಕೆ ಮಗಳು ಮಾಡಿದ ಸೇವೆಯನ್ನು ತಾಯಿ ಹೀಗೆ ತೀರಿಸಿದಳು. ನಲವತ್ತೊಂಬತ್ತು ಅಧ್ಯಾಯಗಳ ಪುಸ್ತಕವು ಈ ಚೂರುಗಳಿಂದ ಕೂಡಿಬಂದುದು.

ಪುಸ್ತಕದ ಕಥೆಯನ್ನು ಕೊಂಚ ಹೇಳದೆ ಮುಂದೆ ಹೋಗಲಾಗದು. ಹುಲ್ಲುಗಾವಲಿನಲ್ಲಿ ತಾಯಿಯೊಡನೆ ಬೆಳೆದ ಕರಿಯ ಮರಿಯೊಂದು ಮೊದಲು ಸಜ್ಜನ ಜಮೀನುದಾರನ ಲಾಯಕ್ಕೆ ಸೇರುತ್ತದೆ. ಅಲ್ಲಿಂದ ಶ್ರೀಮಂತ ಪ್ರಭುವಿನ ಮನೆಗೆ, ಅಲ್ಲಿ ಕುಡುಕ ಆಳಿನ ದೆಸೆಯಿಂದ ಮೊಣಕಾಲು ಒಡೆದುಕೊಂಡು ಬಾಡಿಗೆ ಲಾಯಕ್ಕೆ, ಮುಂದೆ ಲಂಡನ್ನಿನ ಬಾಡಿಗೆ ಗಾಡಿಗೆ. ಹೀಗೆ ಒಡೆಯರು ಬದಲಾದಂತೆಲ್ಲ ಹೆಸರೂ ಬದಲಾಗುತ್ತದೆ, ಹಣೆಬರಹವೂ ಬದಲಾಗುತ್ತದೆ. ನಮ್ಮಲ್ಲಿ ಗೋವಿನ ಹಾಡನ್ನು ಕೇಳಿ ಕಣ್ಣೀರಿಡದ ಮಗುವಿಲ್ಲ. ಆದರೆ ಪುಣ್ಯಕೋಟಿ ಸತ್ಯಕ್ಕಾಗಿ ಪ್ರಾಣ ಕೊಡಲು ಸಿದ್ಧವಾದ ಅಸಾಧಾರಣ ಗೋವು. ಈ ಕುದುರೆ ಅಂತಹ ಮಹಿಮೆಯದೇನೂ ಅಲ್ಲ. ಹೊಟ್ಟೆಗಿಷ್ಟು, ಮೈತಿಕ್ಕಲೊಬ್ಬ, ನೋಯದ ಕಡಿವಾಣ, ಇಷ್ಟು ಸಿಕ್ಕರೆ ಸಾಯುವವರೆಗೆ ದುಡಿಯಲು ಒಪ್ಪಿದ ಸಾಮಾನ್ಯ ಪ್ರಾಣಿ. ಆ ಸಾಮಾನ್ಯತೆಯೇ ಓದುಗನ ಎದೆಗೆ ತಾಕುತ್ತದೆ.

ಆ ಕಾಲದ ಸಿರಿವಂತರಲ್ಲಿ ಒಂದು ಫ್ಯಾಷನ್ನು ಇತ್ತು. ಸಾರೋಟಿನ ಕುದುರೆಯ ತಲೆ ಸದಾ ಎತ್ತರವಾಗಿ ನಿಂತಿರಬೇಕು. ಹಾಗಿದ್ದರೆ ಗಾಡಿಗೆ ಶೋಭೆ. ಅದಕ್ಕಾಗಿ ಬಾಯಿಯ ಕಡಿವಾಣದಿಂದ ಬೆನ್ನಮೇಲಿನ ಜೀನಿನವರೆಗೆ ಬೇರಿಂಗ್ ರೇನ್ ಎಂಬ ಚರ್ಮದ ಪಟ್ಟಿಯನ್ನು ಬಿಗಿದು ಕಟ್ಟುತ್ತಿದ್ದರು. ಏರು ಹತ್ತುವಾಗ ಕುದುರೆ ತಲೆಯನ್ನು ಮುಂದಕ್ಕೆ ಚಾಚಿ ಮೈಭಾರ ಹಾಕಿ ಎಳೆಯುವುದು ಸ್ವಭಾವ. ಈ ಪಟ್ಟಿ ಅದಕ್ಕೆ ಅವಕಾಶ ಕೊಡದು. ಕತ್ತು ಸೆಟೆದು, ಉಸಿರು ಕಟ್ಟಿ, ಬಾಯಿಂದ ನೊರೆ ಸುರಿಯುತ್ತ ಅದು ಎಳೆಯಬೇಕು. ದಾರಿಹೋಕರಿಗೆ ಅದು ಗತ್ತಿನಂತೆ ಕಾಣುತ್ತಿತ್ತು! ಪ್ರಾಣಿಹಿಂಸೆಯ ವಿರುದ್ಧ ಇಂಗ್ಲೆಂಡಿನಲ್ಲಿ ಕಾನೂನು ಇರಲಿಲ್ಲವೆಂದಲ್ಲ. ದನ ಕುದುರೆಗಳನ್ನು ಪೀಡಿಸುವವರಿಗೆ ದಂಡ ವಿಧಿಸುವ ಶಾಸನ 1822ರಲ್ಲಿಯೇ ಬಂದಿತ್ತು. 1824ರಲ್ಲಿ ಪ್ರಾಣಿಹಿಂಸಾ ನಿವಾರಣ ಸಂಘವೂ ಹುಟ್ಟಿತ್ತು. ಅದೇ ಧ್ಯೇಯದ ಸಂಘ ನಮ್ಮ ಮುಂಬಯಿಯಲ್ಲಿಯೂ 1874ರಲ್ಲಿ, ಎಂದರೆ ಈ ಪುಸ್ತಕಕ್ಕಿಂತ ಮೂರು ವರ್ಷ ಮೊದಲೇ, ಸ್ಥಾಪನೆಯಾಗಿತ್ತು. ಆದರೆ ಶಾಸನವು ಬೀದಿಯಲ್ಲಿ ಚಾಟಿ ಬೀಸುವ ಬಡವನನ್ನು ಹಿಡಿಯಬಲ್ಲುದು. ಸಾರೋಟಿನಲ್ಲಿ ರೇಷ್ಮೆಯ ಮೆತ್ತೆಗೆ ಒರಗಿ ಪಟ್ಟಿಯನ್ನು ಇನ್ನಷ್ಟು ಬಿಗಿಯಲು ಹೇಳುವ ದೊರೆಸಾನಿಯನ್ನು ಹಿಡಿಯುವುದು ಹೇಗೆ? ಅನ್ನಾ ಆ ದೊರೆಸಾನಿಯನ್ನು ಪುಸ್ತಕದೊಳಕ್ಕೆ ತಂದು ಎಲ್ಲರ ಕಣ್ಣಿಗೂ ತೋರಿಸಿದಳು.

ಇದಕ್ಕಿಂತ ದೊಡ್ಡ ಗುಣ ಇನ್ನೊಂದಿದೆ. ಕುದುರೆಯ ನೋವನ್ನು ಹೇಳುವವರು ಸಾಮಾನ್ಯವಾಗಿ ಹೊಡೆಯುವ ಕೈಯನ್ನು ಬೈದು ಸುಮ್ಮನಾಗುತ್ತಾರೆ. ಅನ್ನಾ ಆ ಕೈಯ ಹಿಂದಿರುವ ಹೊಟ್ಟೆಯನ್ನೂ ನೋಡಿದಳು. ಪುಸ್ತಕದಲ್ಲಿ ಸ್ಯಾಮ್ ಎಂಬ ಹರಕಲು ಅಂಗಿಯ ಗಾಡಿಯವನು ಬರುತ್ತಾನೆ. ಗಾಡಿಗೂ ಎರಡು ಕುದುರೆಗಳಿಗೂ ಸೇರಿ ದಿನಕ್ಕೆ ಹದಿನೆಂಟು ಶಿಲಿಂಗು ಬಾಡಿಗೆಯನ್ನು ಅವನು ಒಡೆಯನಿಗೆ ಕಟ್ಟಬೇಕು. ಅದು ಹುಟ್ಟಿದ ಮೇಲೆ ಉಳಿದ ಕಾಸು ಹೆಂಡತಿ ಮಕ್ಕಳಿಗೆ. ದಿನಕ್ಕೆ ಹದಿನಾಲ್ಕು ಹದಿನಾರು ಗಂಟೆ ದುಡಿತ, ವಾರಗಟ್ಟಲೆ ಒಂದು ರಜೆಯಿಲ್ಲ. ದಣಿದ ಕುದುರೆಗೆ ಚಾಟಿ ತಾಕಿಸುವುದು ತಪ್ಪೆಂದು ಅವನಿಗೆ ತಿಳಿಯದೆ ಅಲ್ಲ. ತಾಕಿಸದಿದ್ದರೆ ಮನೆಯಲ್ಲಿ ಒಲೆ ಉರಿಯದು. ಕೆಲವೇ ದಿನಗಳಲ್ಲಿ ಸ್ಯಾಮ್ ಜ್ವರದಿಂದ ಸಾಯುತ್ತಾನೆ. ಕಥೆಯ ಕೊನೆಯ ಭಾಗದಲ್ಲಿ ಬ್ಲ್ಯಾಕ್ ಬ್ಯೂಟಿ ಬಂದು ಬೀಳುವುದೂ ಆ ಒಡೆಯನ ಕೈಗೇ. ಒಡೆಯನು ಆಳುಗಳನ್ನು ಹಿಂಡುತ್ತಾನೆ, ಆಳುಗಳು ಕುದುರೆಗಳನ್ನು ಹಿಂಡುತ್ತಾರೆ ಎಂಬ ಸರಪಣಿಯನ್ನು ಕುದುರೆಯೇ ಗುರುತಿಸುತ್ತದೆ. ಯಜಮಾನನ ಮೇಲಿನ ಸಿಟ್ಟನ್ನು ಮೇಜು ಒರಸುವ ಹುಡುಗನ ಮೇಲೆ ತೀರಿಸಿಕೊಂಡವರನ್ನೂ, ಸಾಹೇಬನ ಬೈಗುಳನ್ನು ಮನೆಗೆ ಹೊತ್ತು ತಂದವರನ್ನೂ ನಾವು ಕಂಡಿಲ್ಲವೇ?

ಜೆರ್ರಿ ಎಂಬ ಇನ್ನೊಬ್ಬ ಗಾಡಿಯವನು ಇದಕ್ಕೆ ಎದುರಾದ ಚಿತ್ರ. ಅವನು ಕುದುರೆಯನ್ನು ಮಗುವಿನಂತೆ ನೋಡಿಕೊಳ್ಳುತ್ತಾನೆ, ಭಾನುವಾರ ಗಾಡಿ ಕಟ್ಟುವುದಿಲ್ಲ. ಆದರೆ ಅವನ ಒಳ್ಳೆಯತನಕ್ಕೂ ಲೋಕ ರಿಯಾಯಿತಿ ತೋರುವುದಿಲ್ಲ. ಹೊಸವರ್ಷದ ಹಿಂದಿನ ರಾತ್ರಿ ಇಸ್ಪೀಟಾಡುತ್ತ ಕುಳಿತ ಗಿರಾಕಿಗಳಿಗಾಗಿ ಚಳಿಯಲ್ಲಿ ಹೊರಗೆ ಕಾದುನಿಂತು, ಎದೆ ಕಟ್ಟಿ, ಆ ಉದ್ಯೋಗವನ್ನೇ ಬಿಡಬೇಕಾಗುತ್ತದೆ. ಜಿಂಜರ್ ಎಂಬ ಕೆಂಚು ಕುದುರೆಯ ಕಥೆಯಂತೂ ಓದಲು ಗುಂಡಿಗೆ ಬೇಕು. ಒಂದು ಕಾಲಕ್ಕೆ ಅನ್ಯಾಯ ಕಂಡರೆ ಒದೆಯುತ್ತಿದ್ದ ಆ ಹೆಣ್ಣುಕುದುರೆ ಕೊನೆಗೆ ಎದುರಿಸುವ ಆಸೆಯನ್ನೇ ಬಿಟ್ಟು ಸಾವನ್ನು ಹಾರೈಸುತ್ತದೆ. ಕೆಲಕಾಲದ ಮೇಲೆ ಸತ್ತ ಕೆಂಚು ಕುದುರೆಯೊಂದನ್ನು ಹೇರಿಕೊಂಡ ಬಂಡಿ ಎದುರಾಗುತ್ತದೆ. ಅದು ಜಿಂಜರ್ ಆಗಿರಲಿ ಎಂದು ಗೆಳೆಯನಾದ ಬ್ಲ್ಯಾಕ್ ಬ್ಯೂಟಿ ಬಯಸುತ್ತದೆ.

ಕಥಾರಚನೆಯ ದೃಷ್ಟಿಯಿಂದ ಈ ಗ್ರಂಥದಲ್ಲಿ ಕುಂದುಗಳಿಲ್ಲದಿಲ್ಲ. ಉಪದೇಶ ಕೆಲವೆಡೆ ಅತಿಯಾಯಿತು; ಕುಡಿತದ ವಿಷಯ ಬಂದಾಗ ಕುದುರೆ ಪಾದ್ರಿಯಂತೆ ಮಾತನಾಡುತ್ತದೆ. ಕೊನೆಯಲ್ಲಿ ಹಳೆಯ ಕುದುರೆಯಾಳೊಬ್ಬನು ಗುರುತು ಹಿಡಿದು ಎಲ್ಲ ಸುಖವಾಗುವುದೂ ತುಸು ಸುಲಭವಾಯಿತೆಂದೇ ಹೇಳಬೇಕು. ಆದರೆ ಲಾಯದ ಬೆಳಕು, ಹುಲ್ಲಿನ ಗುಣ, ಲಾಳದ ಮೊಳೆ, ಕಡಿವಾಣದ ಅಳತೆ, ಇವುಗಳ ವಿವರದಲ್ಲಿ ಎಲ್ಲಿಯೂ ಹುಸಿಯಿಲ್ಲ. ಕುದುರೆಯ ಕಸುಬಿನವರು ಮೊದಲು ಮೆಚ್ಚಿದುದು ಈ ನಿಖರತೆಯನ್ನೇ.

1877ರ ನವೆಂಬರ 24ರಂದು ನಾರ್ವಿಚ್ಚಿನ ಜ್ಯಾರಲ್ಡ್ ಸಂಸ್ಥೆ ಪುಸ್ತಕವನ್ನು ಹೊರತಂದಿತು. ಹಕ್ಕುಗಳನ್ನೆಲ್ಲ ಅನ್ನಾ ಒಂದೇ ಬಾರಿಗೆ ಅಲ್ಪ ಮೊತ್ತಕ್ಕೆ ಕೊಟ್ಟುಬಿಟ್ಟಿದ್ದಳು. ಕೋಟಿಗಟ್ಟಲೆ ಪ್ರತಿಗಳಿಂದ ಬಂದ ಸಂಪತ್ತಿನಲ್ಲಿ ಆಕೆಗಾಗಲಿ ಮನೆಯವರಿಗಾಗಲಿ ಪಾಲಿರಲಿಲ್ಲ. 1890ರಲ್ಲಿ ಅಮೆರಿಕದ ಬಾಸ್ಟನ್ನಿನ ಜಾರ್ಜ್ ಏಂಜೆಲ್ ಎಂಬ ಪ್ರಾಣಿದಯಾ ಸಂಘದ ಮುಖಂಡನು ಯಾರ ಅಪ್ಪಣೆಯನ್ನೂ ಕೇಳದೆ ಅದನ್ನು ಅಚ್ಚುಹಾಕಿಸಿ, ಅಗ್ಗದ ಬೆಲೆಗೆ ಮಾರಿ, ಗಾಡಿಯವರಿಗೂ ಕುದುರೆಯಾಳುಗಳಿಗೂ ಪುಕ್ಕಟೆ ಹಂಚಿದನು. ಎರಡು ವರ್ಷಗಳಲ್ಲಿ ಹತ್ತು ಲಕ್ಷ ಪ್ರತಿಗಳು ಹರಡಿದುವು. ನ್ಯಾಯದ ಕಣ್ಣಿಗೆ ಅದು ಕಳ್ಳ ಮುದ್ರಣವೇ ಸರಿ. ಆದರೂ ಯಾರ ಕೈಗೆ ಸೇರಲೆಂದು ಅನ್ನಾ ಬಯಸಿದ್ದಳೋ ಅವರ ಕೈಗೇ ಪುಸ್ತಕ ಸೇರಿತು. ಏಂಜೆಲನ ಸಂಘವು ಏರ್ಪಡಿಸಿದ ಸ್ಪರ್ಧೆಗೆಂದು ಕೆನಡದ ಮಾರ್ಷಲ್ ಸಾಂಡರ್ಸ್ ಎಂಬಾಕೆ ನಾಯಿಯೊಂದರ ಆತ್ಮಕಥೆ ಬರೆದು 1893ರಲ್ಲಿ ಪ್ರಕಟಿಸಿದಳು. ಅದಕ್ಕೂ ಈ ಕುದುರೆಯೇ ದಾರಿತೋರಿತು. ಬರಬರುತ್ತ ಪುಸ್ತಕ ಲಾಯದಿಂದ ಶಾಲೆಗೆ ದಾಟಿತು, ದೊಡ್ಡವರ ಕೈಯಿಂದ ಮಕ್ಕಳ ಕೈಗೆ ಬಂತು. ಕುದುರೆಯ ಕತ್ತು ಸೆಟೆಸುವ ಪಟ್ಟಿ ಮೆಲ್ಲಮೆಲ್ಲನೆ ಬಳಕೆಯಿಂದ ಜಾರಿತು; ಅದರ ಕೀರ್ತಿಯ ಬಹುಭಾಗವನ್ನು ಚರಿತ್ರೆಕಾರರು ಈ ಪುಸ್ತಕಕ್ಕೇ ಕೊಡುತ್ತಾರೆ.

ಇದಾವುದನ್ನೂ ಅನ್ನಾ ಕಾಣಲಿಲ್ಲ. ಪುಸ್ತಕ ಹೊರಬಂದ ಐದೇ ತಿಂಗಳಲ್ಲಿ, 1878ರ ಏಪ್ರಿಲ್ 25ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ, ಓಲ್ಡ್ ಕ್ಯಾಟನ್ನಿನ ಮನೆಯಲ್ಲಿ ಆಕೆ ಕಣ್ಣುಮುಚ್ಚಿದಳು. ಆಕೆ ಬರೆದ ಪುಸ್ತಕ ಅದೊಂದೇ.

ಬಕ್ಸ್‌ಟನ್ನಿನ ಸಮೀಪದ ಲಾಮಾಸ್ ಹಳ್ಳಿಯ ಕ್ವೇಕರ್ ರುದ್ರಭೂಮಿಯಲ್ಲಿ ಶವಸಂಸ್ಕಾರವೆಂದು ಗೊತ್ತಾಯಿತು. ಹೊರಡುವ ದಿನ ಶವವನ್ನೊಯ್ಯುವ ಗಾಡಿಗಳು ಮನೆಯ ಮುಂದೆ ಬಂದು ನಿಂತುವು. ಎಂಬತ್ತೊಂದು ವರ್ಷದ ತಾಯಿ ಕಿಟಕಿಯಿಂದ ನೋಡಿದಳು. ಕರಿಯ ಕುದುರೆಗಳ ಕತ್ತನ್ನು ಅದೇ ಪಟ್ಟಿಯಿಂದ ಎತ್ತಿ ಬಿಗಿದಿದ್ದರು. ಮೇರಿ ಸ್ಯೂವೆಲ್ ತಾನೇ ಹೊರಗೆ ಬಂದು, ಸಾಲಿನಲ್ಲಿದ್ದ ಪ್ರತಿಯೊಂದು ಕುದುರೆಯ ಪಟ್ಟಿಯನ್ನೂ ಬಿಚ್ಚಿಸಿದಳು. ಅದಾದ ಮೇಲೆಯೇ ಗಾಡಿಗಳು ತಲೆಬಾಗಿಸಿಕೊಂಡ ಕುದುರೆಗಳೊಡನೆ ಲಾಮಾಸಿನ ದಾರಿ ಹಿಡಿದುವು.